ಜಿಟಿ ಕಾರಿನ ವಿಮೆಗೆ ಮೂರು ಕೊಟೇಶನ್: 88 ಸಾವಿರ, 62 ಸಾವಿರ, 44 ಸಾವಿರ

ಶೋರೂಮಿನ ಹುಡುಗ ಕೊಟ್ಟ ಹಾಳೆಯಲ್ಲಿ ಎಲ್ಲದಕ್ಕೂ ಒಂದೊಂದು ಸಾಲು ಇತ್ತು. ಎಕ್ಸ್ ಶೋರೂಮ್ ಬೆಲೆ, ರಸ್ತೆ ತೆರಿಗೆ, ಫಾಸ್ಟ್ಯಾಗ್, ಮ್ಯಾಟು, ಮಡ್‌ಫ್ಲಾಪು. ಇನ್ಶೂರೆನ್ಸ್ ಅನ್ನುವ ಸಾಲಿನ ಮುಂದೆ ಮಾತ್ರ 88,075 ಅಂತ ಒಂದೇ ಅಂಕಿ. "ಇದರ ಒಳಗೆ ಎಂತೆಲ್ಲ ಉಂಟು?" ಅಂತ ಕೇಳಿದೆ. "ಫುಲ್ ಕವರ್ ಸರ್, ಬಂಪರ್ ಟು ಬಂಪರ್" ಅಂದ. ಆ ಅಂಕಿಯ ಸುತ್ತ ಪೆನ್ನಿನಿಂದ ಒಂದು ಸುತ್ತು ಎಳೆದ. ಅಲ್ಲಿಗೆ ವಿವರಣೆ ಮುಗಿಯಿತು.

ಹಳೆ ಕಾರಿನ ಕತೆ ಇಲ್ಲದಿದ್ದರೆ ನಾನೂ ಸುಮ್ನೆ ತಲೆಯಾಡಿಸಿ ಸಹಿ ಹಾಕುತ್ತಿದ್ದೆ. ಮೂರು ಮಳೆಗಾಲದ ಹಿಂದೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತ್ತು. ಮುಂದಿನ ಬಸ್ಸು ಹೋಯಿತಲ್ಲ ಅಂತ ನಾನೂ ನುಗ್ಗಿಸಿದೆ. ನಡುವೆ ಇಂಜಿನ್ ನಿಂತಿತು. ಬುದ್ಧಿ ಇಲ್ಲದವನ ಹಾಗೆ ಮತ್ತೆ ಎರಡು ಸಲ ಸ್ಟಾರ್ಟ್ ಮಾಡಿದೆ. ಒಳಗೆ ಹೋದ ನೀರಿಗೆ ಪಿಸ್ಟನ್ ಗುದ್ದಿ ಕನೆಕ್ಟಿಂಗ್ ರಾಡ್ ಬಗ್ಗಿತು. ಬಿಲ್ಲು 80 ಸಾವಿರ ದಾಟಿತು. ವಿಮೆ ಕಂಪನಿಯವರು, ನೀರಿನಲ್ಲಿ ಸ್ಟಾರ್ಟ್ ಮಾಡಿ ಆದ ಹಾನಿ ಅಪಘಾತ ಅಲ್ಲ, ನಿಮ್ಮಲ್ಲಿ ಅದಕ್ಕೆ ಬೇರೆಯಾಗಿ ಹಾಕಿಸುವ ಇಂಜಿನ್ ಪ್ರೊಟೆಕ್ಟ್ ಕವರ್ ಇಲ್ಲ ಅಂತ ಒಂದು ಪುಟದ ಕಾಗದ ಕಳಿಸಿ ಕೈ ತೊಳೆದುಕೊಂಡರು. ಅದೂ "ಫುಲ್ ಕವರ್" ಪಾಲಿಸಿಯೇ ಆಗಿತ್ತು.

ಹಾಗಾಗಿ ಈ ಸಲ ಕಾರಿಗೆ ಮುಂಗಡ ಕೊಡುವ ಮೊದಲೇ ವಿಮೆಯ ಲೆಕ್ಕ ಹಾಕಲು ಕುಳಿತೆ. ಮನಸ್ಸಿನಲ್ಲಿದ್ದದ್ದು ಮೂರು ಸ್ಪೋರ್ಟ್ಸ್ ಕಾರು. ಹ್ಯುಂಡೈ ಐ20 ಎನ್ ಲೈನ್, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಮತ್ತೆ ಆಸೆಗೆ ಒಂದು ಇರಲಿ ಅಂತ ಮಿನಿ ಕೂಪರ್ ಎಸ್. ಮೊದಲ ಎರಡು ಸ್ಪೋರ್ಟ್ಸ್ ಕಾರೇ ಅಲ್ಲ ಅಂತ ಮಣಿಪಾಲದ ಹುಡುಗರು ನಗಬಹುದು. ನಂತೂರು ಸರ್ಕಲ್‌ನಲ್ಲಿ ದಿನಾ ಅರ್ಧ ಗಂಟೆ ನಿಲ್ಲುವವನಿಗೆ ಅಷ್ಟು ಸ್ಪೋರ್ಟ್ಸ್ ಸಾಕು.

ವಿಮೆಯಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಹೊಸ ಕಾರಿಗೆ ಒಟ್ಟಿಗೆ ಮೂರು ವರ್ಷದ್ದು ಕಟ್ಟಬೇಕು. ಇದರಲ್ಲಿ ಯಾವ ಕಂಪನಿಗೆ ಹೋದರೂ ಒಂದು ರೂಪಾಯಿ ವ್ಯತ್ಯಾಸ ಇಲ್ಲ. 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ 1,000 ಸಿಸಿವರೆಗೆ 6,521, 1,500ರವರೆಗೆ 10,640, ಅದಕ್ಕಿಂತ ಮೇಲೆ 24,596. ಜಿಎಸ್‌ಟಿ ಬೇರೆ, 18 ಪರ್ಸೆಂಟ್.

ಇಲ್ಲೇ ಒಂದು ತಮಾಷೆ ಸಿಕ್ಕಿತು. ದರ ನೋಡುವುದು ಇಂಜಿನ್ನಿನ ಸೈಜನ್ನು, ಶಕ್ತಿಯನ್ನಲ್ಲ. ಐ20 ಎನ್ ಲೈನ್ 998 ಸಿಸಿ, 120 ಪಿಎಸ್. ನಮ್ಮ ಅಪ್ಪನ 1,197 ಸಿಸಿಯ ಸಾಧು ಕಾರಿಗಿಂತ ಈ ಟರ್ಬೊಗೆ ಥರ್ಡ್ ಪಾರ್ಟಿ ಕಡಿಮೆ! ವರ್ಟಸ್ ಜಿಟಿ 1,498 ಸಿಸಿ, 150 ಪಿಎಸ್. ಎರಡು ಸಿಸಿಯ ಅಂತರದಲ್ಲಿ ಗೆರೆಯ ಈಚೆ ಉಳಿಯಿತು. ಮಿನಿ 1,998 ಸಿಸಿ, ಅದು ಸೀದಾ ಮೇಲಿನ ಸಾಲಿಗೆ. ದುಬೈನಲ್ಲಿರುವ ತಮ್ಮ ಫೋನಿನಲ್ಲಿ "ಇಲ್ಲಿ ಓಡಿಸುವವನ ವಯಸ್ಸು ಕೇಳ್ತಾರೆ, ಅಲ್ಲಿ ಕೇಳುದಿಲ್ವಾ?" ಅಂದ. ಆ ಮೂರು ಕಾರುಗಳ ಲೆಕ್ಕದಲ್ಲಿ ಎಲ್ಲೂ ನನ್ನ ವಯಸ್ಸಿನಿಂದ ದರ ಬದಲಾಗಲಿಲ್ಲ.

ಎರಡನೆಯ ಭಾಗ ಓನ್ ಡ್ಯಾಮೇಜ್, ನಮ್ಮ ಕಾರಿಗೆ ಆಗುವ ಹಾನಿಗೆ. ಚೌಕಾಸಿ ನಡೆಯುವುದು ಇಲ್ಲಿ. ಈ ದರವನ್ನು ಮೇಲಿನಿಂದ ನಿಗದಿ ಮಾಡುವುದು 2007ರಲ್ಲೇ ನಿಂತಿತು. ಆದರೂ ಕಂಪನಿಗಳು ಹಳೆ ದರಪಟ್ಟಿಯನ್ನೇ ಮುಂದಿಟ್ಟು ಅದರ ಮೇಲೆ ಡಿಸ್ಕೌಂಟ್ ಕೊಡುತ್ತವೆ. ಆ ಪಟ್ಟಿಯಲ್ಲಿ ಬೆಂಗಳೂರು ಎ ವಲಯ, ನಮ್ಮ ಮಂಗಳೂರು, ಉಡುಪಿ ಬಿ ವಲಯ. 1,000ದಿಂದ 1,500 ಸಿಸಿಯ ಹೊಸ ಕಾರಿಗೆ ಇಲ್ಲಿ 3.191 ಪರ್ಸೆಂಟ್, ಬೆಂಗಳೂರಿನಲ್ಲಿ 3.283. ಬೆಂಗಳೂರಿನಲ್ಲೇ ತೆಗೆದುಕೋ, ಸ್ಟಾಕ್ ಬೇಗ ಸಿಗುತ್ತದೆ ಅಂದ ಗೆಳೆಯನಿಗೆ ಈ ವ್ಯತ್ಯಾಸ ತೋರಿಸಿದೆ. ದೊಡ್ಡದೇನಲ್ಲ, 18 ಲಕ್ಷಕ್ಕೆ 1,656 ರೂಪಾಯಿ. ಕೆಎ 19 ನಂಬರ್ ಪ್ಲೇಟಿನ ಮೇಲಿನ ಪ್ರೀತಿಗೆ ಒಂದು ನೆಪ ಸಿಕ್ಕಿತು ಅಷ್ಟೇ.

ಪರ್ಸೆಂಟ್ ಲೆಕ್ಕ ಮಾಡುವುದು ಐಡಿವಿ ಮೇಲೆ. ಕಾರು ಕಳ್ಳತನವಾದರೆ, ಪೂರ್ತಿ ನುಜ್ಜುಗುಜ್ಜಾದರೆ ಕಂಪನಿ ನಮಗೆ ಕೊಡುವ ಮೊತ್ತ ಅದು. ಹೊಸ ಕಾರಿಗೆ ಶೋರೂಮ್ ಬೆಲೆಯಲ್ಲಿ 5 ಪರ್ಸೆಂಟ್ ಕಳೆದು ಲೆಕ್ಕ. ಮಿನಿಯ ಲೆಕ್ಕ 42 ಲಕ್ಷದ ಐಡಿವಿಗೆ, ಅರ್ಧಕ್ಕರ್ಧ ಡಿಸ್ಕೌಂಟ್ ಆದ ಮೇಲೂ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಬಂತು. ಮೊದಲ ವರ್ಷದ ವಿಮೆಗೇ ಒಂದು ಒಳ್ಳೆ ಬೈಕ್ ಬರುತ್ತದೆ ಅಂತ ಹೆಂಡತಿ ಹೇಳಿದ ಮೇಲೆ ಆ ಫೈಲು ಮುಚ್ಚಿದೆ. ಐ20 ಎಲ್ಲದರಲ್ಲೂ ಅಗ್ಗ, ಅದರಲ್ಲಿ ಹೇಳುವುದಕ್ಕೆ ಜಾಸ್ತಿ ಏನಿಲ್ಲ. ಆದರೆ ಡಿಕ್ಕಿಯಲ್ಲಿ ಉಡುಪಿ ಮನೆಯ ಅಕ್ಕಿಮೂಟೆ, ಹಲಸಿನಕಾಯಿ, ಅಮ್ಮ ಕಟ್ಟಿಕೊಡುವ ಉಪ್ಪಿನಕಾಯಿ ಭರಣಿ ಎಲ್ಲ ಹಿಡಿಯಬೇಕಲ್ಲ? ವರ್ಟಸ್‌ಗೆ ಮನಸ್ಸು ವಾಲಿತು. ಮುಂದಿನದೆಲ್ಲ ಅದೊಂದರ ಲೆಕ್ಕ.

ಕೊಟೇಶನ್ ಮೂರು ಕಡೆಯಿಂದ ತೆಗೆದೆ. ಶೋರೂಮಿನದ್ದು 88,075. ಮೊಬೈಲಿನಲ್ಲಿ ನೇರ ಕಂಪನಿಯ ಆ್ಯಪ್‌ನಲ್ಲಿ 44,625. ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ಮಾವ, ಸರ್ಕಾರಿ ವಿಮಾ ಕಂಪನಿಯೊಂದರ ಏಜೆಂಟ್. ಅವರು ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಟ್ಟದ್ದು 61,784. ಒಂದೇ ಕಾರು, ಒಂದೇ ಊರು, ಒಂದೇ ವಾರ.

ಆ್ಯಪ್ ಗೆದ್ದಿತು ಅಂತ ಒಂದು ರಾತ್ರಿ ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಮತ್ತೊಮ್ಮೆ ನೋಡಿದರೆ ಐಡಿವಿ 16.2 ಲಕ್ಷ. ಉಳಿದಿಬ್ಬರದ್ದು 18 ಲಕ್ಷ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಪೆನ್ಸಿಲ್ ಗುರುತು ಇತ್ತು, ಅದನ್ನು ಒತ್ತಿದರೆ ಮಾತ್ರ ಬದಲಿಸಲಿಕ್ಕೆ ಆಗುತ್ತದೆ. ನಾನು ಕೇಳದೆ ಅವರೇ ಕಡಿಮೆ ಇಟ್ಟಿದ್ದರು. ಪ್ರೀಮಿಯಂ ಚಿಕ್ಕದಾಗಿ ಕಾಣುತ್ತದೆ, ಕಾರು ಹೋದರೆ ನನಗೆ 1,80,000 ಕಡಿಮೆ. ಆ್ಯಡ್-ಆನ್, ಅಂದರೆ ಹೆಚ್ಚು ದುಡ್ಡು ಕೊಟ್ಟು ಸೇರಿಸುವ ಕವರ್‌ಗಳಲ್ಲಿ ಝೀರೋ ಡೆಪ್ (ಭಾಗಗಳ ಸವೆತದ ಹೆಸರಿನಲ್ಲಿ ಕ್ಲೇಮ್ ಕಡಿತ ಮಾಡದ್ದು) ಒಂದೇ ಇತ್ತು. ಐಡಿವಿಯನ್ನು 18 ಲಕ್ಷಕ್ಕೆ ಏರಿಸಿ, ಇಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್‌ವಾಯ್ಸ್ (ಕಾರು ಹೋದರೆ ಕೊಂಡ ಪೂರ್ತಿ ಬೆಲೆ ಕೊಡುವುದು), ಕನ್ಸ್ಯೂಮಬಲ್ಸ್ (ರಿಪೇರಿಗೆ ಬಳಸುವ ಆಯಿಲ್, ನಟ್ಟು ಬೋಲ್ಟಿನಂಥವಕ್ಕೆ) ಸೇರಿಸಿದೆ. 44 ಸಾವಿರ ಹೋಗಿ 56,186 ಆಯಿತು. ಈಗ ಮಾವನ ಲೆಕ್ಕದ ಪಕ್ಕ ಇಡಬಹುದು.

ಈ ಆ್ಯಡ್-ಆನ್‌ಗಳಲ್ಲಿ ನನ್ನ ಪ್ರಕಾರ ಕರಾವಳಿಯವರು ಬಿಡಬಾರದ್ದು ಇಂಜಿನ್ ಪ್ರೊಟೆಕ್ಟ್. ಕೊಟ್ಟಾರ ಚೌಕಿ, ಪಡೀಲ್ ಅಂಡರ್‌ಪಾಸ್, ಪಂಪ್‌ವೆಲ್, ಉಡುಪಿಗೆ ಹೋದರೆ ಕಲ್ಸಂಕ. ಜೋರು ಮಳೆಗೆ ಯಾವುದು ಮೊದಲು ತುಂಬುತ್ತದೆ ಅಂತ ಪಂಥ ಕಟ್ಟಬಹುದು. ಝೀರೋ ಡೆಪ್ ಕೂಡ ಬೇಕೇ ಬೇಕು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಾವೇ ಕೊಡಬೇಕು. ಈಗಿನ ಕಾರಿನ ಮುಂಭಾಗ ಬಹುಪಾಲು ಪ್ಲಾಸ್ಟಿಕ್ಕೇ ಅಲ್ವಾ? ಆದರೆ ಒಂದೊಂದು ಕಡೆ ಒಂದೊಂದು ಷರತ್ತು: ಆ್ಯಪ್ ಪಾಲಿಸಿಯಲ್ಲಿ ಝೀರೋ ಡೆಪ್ ಕ್ಲೇಮ್ ವರ್ಷಕ್ಕೆ ಎರಡೇ ಸಲ, ಮಾವನದ್ದರಲ್ಲಿ ಮಿತಿ ಇರಲಿಲ್ಲ. ರಿಟರ್ನ್ ಟು ಇನ್‌ವಾಯ್ಸ್ ಮೊದಲು ಅನಗತ್ಯ ಅನಿಸಿತ್ತು. ಆಮೇಲೆ ನೆನಪಾಯಿತು, 19 ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆಯೇ ಮೂರು ಲಕ್ಷ ದಾಟುತ್ತದೆ. ಕಾರು ಕಳ್ಳತನವಾದರೆ ಐಡಿವಿಯಲ್ಲಿ ಆ ದುಡ್ಡು ಬರುವುದಿಲ್ಲ, ಇದಿದ್ದರೆ ಬರುತ್ತದೆ. ಹಾಕಿಸಿದೆ.

ಬೇಡ ಅಂದದ್ದೂ ಕೆಲವು. ಕೀ ಕಳೆದರೆ ಕೊಡುವ ಕವರ್ ಬೇಡ. 15 ಲಕ್ಷದ ಪಿಎ ಕವರ್, ಅಂದರೆ ಓಡಿಸುವ ಮಾಲಿಕನ ಅಪಘಾತ ವಿಮೆ, ನನ್ನ ಬೈಕಿನ ಪಾಲಿಸಿಯಲ್ಲೇ ಇತ್ತು, ಒಬ್ಬ ಮನುಷ್ಯನಿಗೆ ಒಂದು ಸಾಕು, ಅದನ್ನೂ ತೆಗೆಸಿದೆ. ಓಡಿಸಿದಷ್ಟಕ್ಕೆ ಕಟ್ಟುವ ಪ್ಲಾನ್ ನೋಡಿದೆ. ಮಂಗಳೂರು, ಉಡುಪಿ ನಡುವೆ ವಾರವಾರ ಓಡುವವನಿಗೆ ಅದು ಹಿಡಿಸುವುದಿಲ್ಲ. ಇನ್ನು ವಾಲಂಟರಿ ಡಿಡಕ್ಟಿಬಲ್ ಅಂತ ಒಂದಿದೆ. ಕ್ಲೇಮ್ ಬಂದಾಗ ಮೊದಲ 15,000 ನಾನೇ ಹಾಕುತ್ತೇನೆ ಅಂತ ಒಪ್ಪಿದರೆ 35 ಪರ್ಸೆಂಟ್ ಡಿಸ್ಕೌಂಟ್. ಕೇಳಲು ಭಾರಿ. ಆದರೆ ಹಳೆ ದರಪಟ್ಟಿಯ ಪ್ರಕಾರ ಆ ಡಿಸ್ಕೌಂಟಿಗೆ 2,500 ರೂಪಾಯಿಯ ಮಿತಿ ಉಂಟು. ಎರಡೂವರೆ ಸಾವಿರ ಉಳಿಸಲು ಹದಿನೈದು ಸಾವಿರ ಒಡ್ಡುವುದು ಯಾವ ಲೆಕ್ಕ?

ಮಾವನ ಹತ್ತಿರ ಕುಳಿತಾಗ ಅವರು ಮೊದಲು ಕೇಳಿದ್ದೇ ಹಳೆ ಕಾರಿನ ಬಗ್ಗೆ. "ಎನ್‌ಸಿಬಿ ಎಷ್ಟು ಉಂಟು ಮಾರಾಯ?" ನನಗೆ ಅದರ ಗೊಡವೆಯೇ ಇರಲಿಲ್ಲ. ಹಳೆ ಪಾಲಿಸಿ ತೆಗೆದು ನೋಡಿದರು. 50 ಪರ್ಸೆಂಟ್. ಕ್ಲೇಮ್ ಮಾಡದ ವರ್ಷಗಳಿಗೆ 20ರಿಂದ ಶುರುವಾಗಿ ಐದು ವರ್ಷಕ್ಕೆ 50ಕ್ಕೆ ಏರುವ ಬೋನಸ್ ಅದು. ಕೊಟ್ಟಾರ ಚೌಕಿಯ ಕ್ಲೇಮನ್ನು ತಳ್ಳಿಹಾಕಿದ್ದರಲ್ಲ, ಅದರಿಂದ ಬೋನಸ್ ಮುಟ್ಟದೆ ಉಳಿದಿತ್ತು. 80 ಸಾವಿರ ಕಳೆದುಕೊಂಡವನಿಗೆ ಸಿಕ್ಕ ಒಂದೇ ಸಮಾಧಾನ. ಈ ಬೋನಸ್ ಕಾರಿನದ್ದಲ್ಲ, ಮಾಲಿಕನದ್ದು. ಹಳೆ ಕಾರು ಮಾರಿ, ಕಂಪನಿಯಿಂದ ಒಂದು ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಶೋರೂಮಿನಲ್ಲಿ ಹಳೆ ಕಾರು ಎಕ್ಸ್‌ಚೇಂಜ್‌ಗೆ ಇದೆ ಅಂತ ನಾನೇ ಹೇಳಿದ್ದೆ, ಬೋನಸ್ಸಿನ ಮಾತು ಒಬ್ಬರೂ ಎತ್ತಲಿಲ್ಲ.

ಬೋನಸ್ ಹಾಕಿದ ಮೇಲೆ ಲೆಕ್ಕ ಪೂರ್ತಿ ಬದಲಾಯಿತು. ಶೋರೂಮ್ 60,965. ಮಾವ 44,840. ಆ್ಯಪ್ 42,631. ಐಡಿವಿ ಮೂರರಲ್ಲೂ 18 ಲಕ್ಷ, ಕವರ್ ಹೆಚ್ಚುಕಡಿಮೆ ಒಂದೇ.

ಮಾವನ ಡೈರಿಯ ಹಾಳೆಯ ಫೋಟೊ ತೆಗೆದುಕೊಂಡು ಮತ್ತೆ ಶೋರೂಮಿಗೆ ಹೋದೆ. ಹುಡುಗ "ನಮ್ಮಲ್ಲಿ ತೆಗೊಳ್ಳದಿದ್ರೆ ಕ್ಯಾಶ್‌ಲೆಸ್ ಸಿಗುದಿಲ್ಲ ಸರ್" ಅಂದ. ಕ್ಯಾಶ್‌ಲೆಸ್, ಅಂದರೆ ರಿಪೇರಿಯ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವುದು, ಇರುವುದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ನಡುವಿನ ಒಪ್ಪಂದದಲ್ಲಿ. ಪಾಲಿಸಿ ಯಾರು ಮಾರಿದರು ಅನ್ನುವುದರಲ್ಲಿ ಅಲ್ಲ. ಶೋರೂಮ್‌ಗಳು ವಿಮೆ ಮಾರುವುದಕ್ಕೆ 2017ರಿಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐಯ ನಿಯಮ ಇದೆ, ಅಲ್ಲೇ ಕೊಳ್ಳಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಅದನ್ನು ನಾನು ಜಗಳದ ದನಿಯಲ್ಲಿ ಹೇಳಲಿಲ್ಲ. ಅವನು ಒಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದ. ಹೊಸ ಅಂಕಿ 51,000. ಮೊದಲ ದಿನ 88 ಸಾವಿರಕ್ಕೆ ಸುತ್ತು ಎಳೆದದ್ದು ಅದೇ ಪೆನ್ನು.

ಕೊನೆಗೆ ಉಳಿದದ್ದು ಆ್ಯಪ್ ಮತ್ತು ಮಾವ. ನಡುವಿನ ಅಂತರ 2,209. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ರಾತ್ರಿ ನೀರಿನಲ್ಲಿ ಇಂಜಿನ್ ನಿಂತರೆ ಏನು ಮಾಡಬೇಕು? ಆ್ಯಪ್‌ನ ಸಹಾಯವಾಣಿಯಲ್ಲಿ ಒಬ್ಬಳು ಹುಡುಗಿ ಪಾಪ ಹಿಂದಿಯಲ್ಲಿ ಬರೆದಿಟ್ಟದ್ದನ್ನು ಓದಿದಳು. ಮೂರನೆಯ ಸಲ ಕೇಳಿದಾಗಲೂ ಅದನ್ನೇ ಓದಿದಳು. ಮಾವ ಹೇಳಿದ್ದು ಇಷ್ಟು: "ಮೊದಲು ಕೀ ತಿರುಗಿಸ್ಬೇಡ. ನೀರು ಎಲ್ಲಿವರೆಗೆ ಬಂದಿದೆ ಅಂತ ಫೋಟೊ ತೆಗಿ. ತಳ್ಳಿ ಮೇಲೆ ತಾ. ಮತ್ತೆ ನಂಗೆ ಫೋನ್ ಮಾಡು, ಎಷ್ಟು ಗಂಟೆಯಾದ್ರೂ ಅಡ್ಡಿಲ್ಲ." ಇಂಜಿನ್ ಪ್ರೊಟೆಕ್ಟ್ ಇದ್ದರೂ ನೀರಿನಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ತಕರಾರು ಬರುತ್ತದೆ ಅಂತಲೂ ಎಚ್ಚರಿಸಿದರು. ಇಂಜಿನ್ ರೀಮ್ಯಾಪ್ ಮಾಡಿಸುವ, ಅಂದರೆ ಅದರ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ ಹುಚ್ಚು ಇದ್ದರೆ ಕಂಪನಿಗೆ ತಿಳಿಸಿಯೇ ಮಾಡಬೇಕು ಅಂದರು. ಆ ಹುಚ್ಚು ನನಗೆ ಇತ್ತು ಅಂತ ಅವರಿಗೆ ಹೇಗೆ ಗೊತ್ತಾಯಿತೋ.

2,209 ರೂಪಾಯಿ ಜಾಸ್ತಿ ಕೊಟ್ಟು ಮಾವನ ಹತ್ತಿರವೇ ಮಾಡಿಸಿದೆ. ಫೋನಿನಲ್ಲೇ ಎಲ್ಲ ನಿಭಾಯಿಸುವ ತಾಳ್ಮೆ ಇರುವವರಿಗೆ ಆ್ಯಪ್ ಸಾಕು. ಐಡಿವಿಯ ಪೆನ್ಸಿಲ್ ಒತ್ತಲು ಮಾತ್ರ ಮರೆಯಬೇಡಿ.

ಕಾರು ಬಂದು ಹತ್ತು ತಿಂಗಳಾಯಿತು. ನೀರಿಗೆ ಇಳಿಸಲಿಲ್ಲ. ಆದರೆ ಹೋದ ತಿಂಗಳು ಉಡುಪಿ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದಾಗ ಬಾನೆಟ್ ಮೇಲೆ ಒಂದು ತೆಂಗಿನಕಾಯಿ ಬಿತ್ತು. ಅಂಗೈಯಷ್ಟು ತಗ್ಗು. ರಿಪೇರಿಗೆ 6,500 ಅಂದರು. ಇದು ಕ್ಲೇಮಿಗೆ ಸಿಗುತ್ತದೆ. ಮಾವ ಡೈರಿ ತೆಗೆದು ಲೆಕ್ಕ ಹಾಕಿದರು. ಕ್ಲೇಮ್ ಮಾಡಿದರೆ 50 ಪರ್ಸೆಂಟ್ ಬೋನಸ್ ಸೊನ್ನೆಗೆ ಇಳಿಯುತ್ತದೆ, ಮುಂದಿನ ಒಂದೇ ವರ್ಷಕ್ಕೆ ಜಿಎಸ್‌ಟಿ ಸೇರಿ 14 ಸಾವಿರದಷ್ಟು ಜಾಸ್ತಿ ಕಟ್ಟಬೇಕು. ಕೈಯಿಂದಲೇ 6,500 ಕೊಟ್ಟೆ. ಮಾರನೆಯ ದಿನ ಅಮ್ಮ ಕಾಯಿ ಕೀಳುವವನನ್ನು ಕರೆಸಿದರು. ಅವನ ಕೂಲಿ ಮಾತ್ರ ಯಾವ ಆ್ಯಡ್-ಆನ್‌ನಲ್ಲೂ ಬರುವುದಿಲ್ಲ.