ರಿವಾಲ್ವರ್ ಹಿಡಿಗೆ ಅರಗೋ, ಅಗಸೆ ಎಣ್ಣೆಯೋ?

ಮರದ ಹಿಡಿಗೆ ಹಚ್ಚಲು ನನ್ನ ಓಟು ಅಗಸೆ ಎಣ್ಣೆಗೆ. ಈ ತೀರ್ಮಾನಕ್ಕೆ ಬರುವಷ್ಟರಲ್ಲಿ ಒಂದೇ ಹಿಡಿಯನ್ನು ಮೂರು ಸಲ ಬೋಳಿಸಿದ್ದೇನೆ.

ಹೂಸ್ಟನ್ನಿನ ನಮ್ಮ ಮನೆಯಲ್ಲಿ 1851ರ ಕೋಲ್ಟ್ ನೇವಿ ರಿವಾಲ್ವರಿನ ನಕಲು ಇದೆ. ಇಟಲಿಯಲ್ಲಿ ಮಾಡಿದ್ದು. 1843ರಲ್ಲಿ ಟೆಕ್ಸಾಸ್ ನೌಕಾಪಡೆ ಮೆಕ್ಸಿಕೋ ಜೊತೆ ಕಾದಾಡಿದ ಚಿತ್ರ ಅದರ ಸಿಲಿಂಡರಿನ ಮೇಲಿದೆ. ಬಂದವರಿಗೆಲ್ಲ ಅದನ್ನು ತೋರಿಸುವ ಚಟ ನನಗೆ. ಹಾಗಾಗಿ ಗೋಡೆಗಿಂತ ಅದು ಕೈಯಲ್ಲಿರುವುದೇ ಜಾಸ್ತಿ. ಹಿಡಿ ಒಂದೇ ತುಂಡು ವಾಲ್‌ನಟ್ ಮರದ್ದು. ಮೂಲ ವಾರ್ನಿಷ್ ಕೆಂಪಗೆ, ಛತ್ರದ ಕುರ್ಚಿಯ ಹಾಗೆ ಮಿರಮಿರ ಅನ್ನುತ್ತಿತ್ತು.

ಅದನ್ನು ಕೆರೆದು ಮೊದಲು ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನಂಥ ವಾರ್ನಿಷ್ ಹೊಡೆದೆ. ಗಟ್ಟಿ, ನೀರಿಗೂ ಹೆದರುವುದಿಲ್ಲ. ಆದರೆ ಮೂರು ಕೋಟ್ ಆದ ಮೇಲೆ ಹಿಡಿ ಹಿತ್ತಾಳೆ ಚೌಕಟ್ಟಿನೊಳಗೆ ಕೂರಲಿಲ್ಲ. ಒತ್ತಿದೆ. ಅಂಚಿನಲ್ಲಿ ಚಕ್ಕೆ ಎದ್ದಿತು.

ಆಮೇಲೆ ಅರಗು, ಅಂದರೆ ಶೆಲ್ಯಾಕ್. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ನನ್ನ ಹಿಡಿ ಹಾಗೆ ಮರ ತಿರುಗಿಸುವ ಲೇತ್ ಯಂತ್ರಕ್ಕೆ ಕೂರುವಂಥದ್ದಲ್ಲ. ಅರಗಿನ ಚಕ್ಕೆಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚಿದೆ. ಮೂರರಲ್ಲಿ ನೋಡಲು ಚೆಂದ ಇದೇ, ಸುಳ್ಳು ಹೇಳಲಾರೆ.

ಎಡವಟ್ಟಾಗಿದ್ದು ದೀಪಾವಳಿಯ ದಿನ. ಊಟಕ್ಕೆ ಬಂದ ಗೆಳೆಯ ಕೈಗೆ ಸ್ಯಾನಿಟೈಸರ್ ಉಜ್ಜಿಕೊಂಡ. ಅದು ಆರುವ ಮೊದಲೇ ರಿವಾಲ್ವರ್ ಎತ್ತಿಕೊಂಡು ಫೋಟೊಗೆ ನಿಂತ. ಕೆಳಗಿಟ್ಟಾಗ ಹಿಡಿಯ ಮೇಲೆ ನಾಲ್ಕು ಬೆರಳಿನ ಅಚ್ಚು, ಪೊಲೀಸರಿಗೆ ಕೊಡುವಷ್ಟು ಸ್ಪಷ್ಟ! ಅರಗು ಕರಗುವುದೇ ಆಲ್ಕೋಹಾಲಿನಲ್ಲಿ, ಸ್ಯಾನಿಟೈಸರಿನಲ್ಲಿ ಇರುವುದೂ ಅದೇ. ನನಗೇ ಹೊಳೆದಿರಲಿಲ್ಲ, ಅವನನ್ನೇನು ಬೈಯಲಿ?

ರಿಪೇರಿ ಸುಲಭ, ಒಪ್ಪುತ್ತೇನೆ. ಹೊಸ ಪದರ ಹಚ್ಚಿದರೆ ಹಳೆಯದರ ಜೊತೆ ಬೆರೆತುಹೋಗುತ್ತದೆ. ಬೆರೆಸಿದೆ. ಎರಡು ವಾರಕ್ಕೆ ಇನ್ಯಾರೋ ಐಸ್ ನೀರಿನ ಲೋಟ ಹಿಡಿದ ಒದ್ದೆ ಕೈಯಲ್ಲೇ ಎತ್ತಿದರು. ಈ ಸಲ ಬಿಳಿ ಮಚ್ಚೆ. ಮನೆಗೆ ಬಂದವರಿಗೆಲ್ಲ 'ಎಲ್ಲಿ, ಕೈ ತೋರಿಸಿ' ಅನ್ನುವುದಕ್ಕಾಗುತ್ತಾ?

ಈಗ ಅಗಸೆ ಎಣ್ಣೆ. ಅಗಸೆ ಚಟ್ನಿ ತಿಂದು ಬೆಳೆದವನಿಗೆ ವಾಸನೆ ಹೊಸದಲ್ಲ. ಆದರೆ ಮರಕ್ಕೆಂದು ಮಾರುವ 'ಬಾಯ್ಲ್ಡ್' ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ, ಅಡುಗೆಮನೆಗೆ ತರಬೇಡಿ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಬೇಕು. ಸೋಮಾರಿತನ ಮಾಡಿದರೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ನೀರು ತಡೆಯುವುದರಲ್ಲಿ ಇದು ಪಾಲಿಯುರೆಥೇನಿನ ಹತ್ತಿರಕ್ಕೂ ಬರುವುದಿಲ್ಲ. ಹೊಳಪೂ ಕಮ್ಮಿ. ಆದರೆ ಕಲೆ ಬಿದ್ದರೆ ಏನನ್ನೂ ಬೋಳಿಸಬೇಕಿಲ್ಲ, ಹತ್ತು ಹನಿ ಹಾಕಿ ತಿಕ್ಕಿದರೆ ಆಯಿತು. ನನಗೂ ಭಾನುವಾರ ಕಾಫಿ ಕುಡಿಯುತ್ತಾ ಸುಮ್ನೆ ಏನಾದರೂ ತಿಕ್ಕುತ್ತಿರಬೇಕು. ಮೂರರಲ್ಲಿ ಅಗ್ಗವೂ ಇದೇ. ತಂದ ಡಬ್ಬಿಯಲ್ಲಿ ಸುತ್ತಿಗೆ, ಸಲಿಕೆಯ ಹಿಡಿಗಳಿಗೂ ಆಗಿ ಇನ್ನೂ ಅರ್ಧ ಉಳಿದಿದೆ.

ಆ ಗೆಳೆಯ ಈ ದೀಪಾವಳಿಗೂ ಬರುತ್ತಾನಂತೆ. ಬರಲಿ.