ಒಂದೇ ಕಾಲಲ್ಲಿ ಆರು ವಾರ: ವಾಕರ್, ಊರುಗೋಲು, ಮಂಡಿ ಸ್ಕೂಟರ್, ಯಾವುದು ಎಲ್ಲಿಗೆ ಸರಿ?

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಹಳೇ ಬಿಲ್ಡಿಂಗ್. ಎರಡನೇ ಮಹಡಿ, ಲಿಫ್ಟ್ ಇಲ್ಲ, ಒಂದೇ ಬೆಡ್‌ರೂಮು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಳಗೆ ಬರೆದದ್ದೆಲ್ಲ ಈ ಮನೆಯ ಲೆಕ್ಕ. ನಿಮ್ಮ ಮನೆಗೆ ಲಿಫ್ಟ್ ಇದ್ದು ಬಾಗಿಲುಗಳು ಅಗಲವಾಗಿದ್ದರೆ ನಿಮಗೆ ಬೇರೆಯದೇ ಸರಿಹೋಗಬಹುದು.

ಜೂನ್ ಕೊನೆಯಲ್ಲಿ ಮಳೆಗೆ ಒದ್ದೆಯಾದ ಮೆಟ್ಟಿಲು ಇಳಿಯುವಾಗ ಎಡಪಾದ ಒಳಕ್ಕೆ ಹೊರಳಿತು. ಕಿರುಬೆರಳಿನ ಹಿಂದೆ ಪಾದದ ಹೊರಬದಿಯಲ್ಲಿ ಉದ್ದನೆಯ ಮೂಳೆ ಇದೆಯಲ್ಲ, ಅದು ಬುಡದ ಹತ್ತಿರ ಮುರಿಯಿತು. ಡಾಕ್ಟರ್ ಇದಕ್ಕೆ ಜೋನ್ಸ್ ಫ್ರ್ಯಾಕ್ಚರ್ ಅಂದರು. ರಾಬರ್ಟ್ ಜೋನ್ಸ್ ಅಂತ ಬ್ರಿಟನ್ನಿನ ಸರ್ಜನ್, ಕುಣಿಯುವಾಗ ತನ್ನದೇ ಪಾದ ಮುರಿದುಕೊಂಡು 1902ರಲ್ಲಿ ಅದರ ಬಗ್ಗೆ ಬರೆದವರು, ಅದಕ್ಕೇ ಆ ಹೆಸರು. ಆ ಜಾಗಕ್ಕೆ ರಕ್ತ ಹರಿಯುವುದೇ ಕಡಿಮೆ. ಹಾಗಾಗಿ ಕೂಡಿಕೊಳ್ಳುವುದು ನಿಧಾನ, ಕೆಲವರಿಗೆ ಕೂಡುವುದೇ ಇಲ್ಲ. ನನಗೆ ಒಳಗೆ ಒಂದು ಸ್ಕ್ರೂ ಹಾಕಿದರು, ಆರು ವಾರ ಪಾದ ನೆಲಕ್ಕೆ ತಾಗಲೇಬಾರದು ಅಂದರು. ಎಷ್ಟು ವಾರ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ, ಅದನ್ನು ನಿಮ್ಮ ಡಾಕ್ಟರ್ ಹೇಳಬೇಕು.

ಆ ಆರು ವಾರದಲ್ಲಿ ನಾನು ಓಡಾಡಲು ಒಂದಾದ ಮೇಲೆ ಒಂದು ಅಂತ ಐದಾರು ಸಾಧನ ಬಳಸಿ ನೋಡಿದೆ. ಕೆಲವು ಕೊಂಡದ್ದು, ಕೆಲವು ಬಾಡಿಗೆಗೆ, ಒಂದೆರಡು ಎರವಲು.

ಮೊದಲು ವಾಕರ್. ಆಪರೇಷನ್ ಆಗಿ ಮನೆಗೆ ಬಂದ ಮೊದಲ ಹತ್ತು ದಿನ ಇದರ ಮುಂದೆ ಬೇರೆ ಯಾವುದೂ ಇಲ್ಲ, ನಾನಂತೂ ಗಟ್ಟಿಯಾಗಿ ಹೇಳುತ್ತೇನೆ. ನೋವಿನ ಮಾತ್ರೆಗೆ ತಲೆ ಹಗುರ, ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕು, ಕಣ್ಣು ಪೂರ್ತಿ ಬಿಟ್ಟಿರುವುದಿಲ್ಲ, ಆಗ ನಾಲ್ಕು ಕಾಲಿನ ಆ ಚೌಕಟ್ಟು ಸುತ್ತ ನಿಂತಿದ್ದರೆ ಸಿಗುವ ಧೈರ್ಯವೇ ಬೇರೆ. ವಾಕರ್ ಮುಂದಿಡುವುದು, ಅಂಗೈ ಮೇಲೆ ಭಾರ ಹಾಕುವುದು, ಒಳ್ಳೆಯ ಕಾಲಲ್ಲಿ ಚಿಕ್ಕದಾಗಿ ಹಾರಿ ಒಳಗೆ ಬರುವುದು. ಅಷ್ಟೇ. ಮುಂದಿನ ಕಂಬಿಯ ತನಕ ಹಾರಬೇಡಿ, ಹಿಂದಕ್ಕೆ ವಾಲುತ್ತೀರಿ. ಅಂಗಡಿಯಲ್ಲಿ ಮುಂದೆ ಚಕ್ರ ಇರುವುದನ್ನೂ ತೋರಿಸುತ್ತಾರೆ. ಒಂದೇ ಕಾಲಲ್ಲಿ ಹಾರುವವರಿಗೆ ಅದು ಬೇಡ, ಭಾರ ಹಾಕಿದಾಗ ಜಾರಿ ಮುಂದೆ ಹೋಗುತ್ತದೆ. ನಾನು ಚಕ್ರವಿಲ್ಲದ, ಮಡಚುವ ವಾಕರ್ ಕೊಂಡೆ, ಸಾವಿರ ರೂಪಾಯಿ ಆಯಿತು.

ಆದರೆ ಅಳತೆ! ಆಪರೇಷನ್ನಿಗೆ ಮುಂಚೆ ಟೇಪ್ ಹಿಡಿದು ಬಾಗಿಲು ಅಳೆಯಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ನಮ್ಮ ಬಾತ್‌ರೂಮಿನ ಬಾಗಿಲು ಚೌಕಟ್ಟಿನ ಒಳಗೆ 22 ಇಂಚು. ವಾಕರ್ ಕಾಲಿಂದ ಕಾಲಿಗೆ 23 ಇಂಚು. ಒಂದು ಇಂಚಿಗೆ ಮೊದಲ ದಿನ ಬಾಗಿಲಲ್ಲೇ ನಿಂತು ಅತ್ತೆ. ಮಗಳು ಉಪಾಯ ಮಾಡಿದಳು: ವಾಕರನ್ನು ಅಡ್ಡ ತಿರುಗಿಸಿ, ನಾನೂ ಅಡ್ಡ ನಿಂತು, ಏಡಿಯ ಹಾಗೆ ಬದಿಗೆ ಸರಿಯುವುದು. ನಡೆಯಿತು, ಆದರೆ ಹೊಸ್ತಿಲು ಎರಡು ಇಂಚು ಎತ್ತರ, ಅದನ್ನು ದಾಟುವಾಗ ಹಿಂದೆ ಯಾರಾದರೂ ಇರಲೇಬೇಕಿತ್ತು. ಈ ಕಡೆಯ ಹಳೇ ಬಿಲ್ಡಿಂಗ್‌ಗಳಲ್ಲಿ ಬಾತ್‌ರೂಮಿನ ಬಾಗಿಲು ಇಷ್ಟೇ ಇರುತ್ತದೆ. ಕೊಳ್ಳುವ ಮುಂಚೆ ಅಳೆಯಿರಿ.

ಊರುಗೋಲಿನಲ್ಲಿ ಎರಡು ಬಗೆ. ಕಂಕುಳ ಕೋಲು ಒಂದು, ಮೊಣಕೈ ಕೋಲು ಇನ್ನೊಂದು. ಪಕ್ಕದ ಮನೆಯ ಮರಾಠಿ ಕಾಕೂ ಕಂಕುಳ ಕೋಲನ್ನು ಕುಬಡಿ ಅನ್ನುತ್ತಾರೆ. ಅವರೇ ತಮ್ಮ ಮನೆಯ ಮಾಳಿಗೆಯಿಂದ ಒಂದು ಜೊತೆ ತೆಗೆದುಕೊಟ್ಟರು. ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ಹೆಸರು ಕಂಕುಳ ಕೋಲು ಅಂತ ಇದ್ದರೂ ಭಾರ ಕಂಕುಳಿಗೆ ಬೀಳಬಾರದು, ಅಂಗೈಗೆ ಬೀಳಬೇಕು. ಕೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ ಬೇಕು, ಹಿಡಿ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ನಾನು ಮೂರು ದಿನ ಕಂಕುಳ ಮೇಲೆ ನೇತಾಡಿಕೊಂಡೇ ನಡೆದೆ. ನಾಲ್ಕನೇ ದಿನ ಬಲಗೈಯ ಹೆಬ್ಬೆರಳ ಕಡೆ ಮರಗಟ್ಟಿದ ಹಾಗಾಯಿತು. ಫಿಸಿಯೋಥೆರಪಿಸ್ಟ್ ಬಂದವರು ಬೈದೇಬಿಟ್ಟರು: ಅಲ್ಲಿ ನರ ಹಾದುಹೋಗುತ್ತದೆ, ಹೀಗೇ ಅದುಮುತ್ತಿದ್ದರೆ ಮಣಿಕಟ್ಟು ಎತ್ತಲಾಗದ ಸ್ಥಿತಿಗೂ ಹೋಗಬಹುದು. ಕೋಲನ್ನು ಎರಡು ತೂತು ಕೆಳಗಿಳಿಸಿಕೊಟ್ಟರು. ಮರಗಟ್ಟಿದ್ದು ವಾರದಲ್ಲಿ ಹೋಯಿತು.

ಮೊಣಕೈ ಕೋಲಿನಲ್ಲಿ ಈ ಭಯ ಇಲ್ಲ. ಮುಂಗೈ ಸುತ್ತ ಒಂದು ಪಟ್ಟಿ ಬರುತ್ತದೆ, ಬಾಗಿಲ ಚಿಲಕ ತೆಗೆಯಲು ಹಿಡಿ ಬಿಟ್ಟರೂ ಕೋಲು ನೆಲಕ್ಕೆ ಬೀಳುವುದಿಲ್ಲ, ಕೈಯಲ್ಲೇ ನೇತಾಡುತ್ತದೆ. ಇದು ಎಷ್ಟು ದೊಡ್ಡ ಸುಖ ಅಂತ, ಬಿದ್ದ ಕೋಲನ್ನು ಒಂದೇ ಕಾಲಲ್ಲಿ ನಿಂತು ಎತ್ತಿದವರಿಗೇ ಗೊತ್ತು. ಆದರೆ ಇದಕ್ಕೆ ತೋಳಿನ ಬಲ ಬೇಕು, ಸಮತೋಲ ಬೇಕು. ಮೊದಲ ವಾರ ನನಗೆ ಆಗಲೇ ಇಲ್ಲ. ಮೂರನೇ ವಾರದಿಂದ ಇದೇ ನನ್ನ ಮುಖ್ಯ ಆಸರೆ ಆಯಿತು. ಹಾಗಾಗಿ ಹಣ ಒಂದೇ ಜೊತೆಗೆ ಸಾಕಾಗುವಷ್ಟಿದ್ದರೆ ಮೊಣಕೈ ಕೋಲಿಗೆ ಹಾಕಿ, ವಾಕರನ್ನು ಯಾರಿಂದಾದರೂ ಎರವಲು ಪಡೆಯಿರಿ. ಮುಂಬಯಿಯಲ್ಲಿ ಡಿಪಾಸಿಟ್ ಇಟ್ಟುಕೊಂಡು ವಾಕರ್, ವೀಲ್‌ಚೇರ್ ಕೊಡುವ ಟ್ರಸ್ಟ್‌ಗಳು ಸಾಕಷ್ಟಿವೆ, ಅಕ್ಕಪಕ್ಕ ವಿಚಾರಿಸಿದರೆ ಸಿಗುತ್ತವೆ. ಮಳೆಗಾಲದಲ್ಲಿ ಒಂದು ಎಚ್ಚರ: ಕೋಲಿನ ತುದಿಯ ರಬ್ಬರ್ ಒದ್ದೆಯಾದರೆ ಟೈಲ್ಸ್ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಬಾಗಿಲ ಬಳಿ ಒಂದು ಒಣ ಬಟ್ಟೆ ಇಟ್ಟು, ಒಳಗೆ ಬರುವಾಗ ಒರೆಸಿಯೇ ಬರುತ್ತಿದ್ದೆ. ರಬ್ಬರ್ ಸವೆದರೆ ಬೇರೆ ಹಾಕಿಸಿ, ಮೆಡಿಕಲ್ ಅಂಗಡಿಯಲ್ಲಿ ಬಿಡಿಯಾಗಿಯೇ ಸಿಗುತ್ತದೆ.

ಇನ್ನು ಮಂಡಿ ಸ್ಕೂಟರ್. ನಾಲ್ಕು ಚಕ್ರ, ಮುಂದೆ ಸೈಕಲ್ಲಿನ ಹಾಗೆ ಹ್ಯಾಂಡಲ್ಲು, ಕೈಬ್ರೇಕು, ನೋವಿನ ಕಾಲಿನ ಮಂಡಿಯನ್ನು ಮಡಚಿ ಮೆತ್ತೆ ಮೇಲೆ ಇಟ್ಟು ಇನ್ನೊಂದು ಕಾಲಲ್ಲಿ ತಳ್ಳಿಕೊಂಡು ಹೋಗುವುದು. ವಿಡಿಯೋ ನೋಡಿ ತುಂಬಾ ಆಸೆಪಟ್ಟು ತಿಂಗಳ ಬಾಡಿಗೆಗೆ ತರಿಸಿದೆ. ಒಂಬತ್ತೇ ದಿನಕ್ಕೆ ವಾಪಸ್ ಕಳಿಸಿದೆ. ಸ್ಕೂಟರಿನ ತಪ್ಪಲ್ಲ. ನಮ್ಮ ಹಾಲಿನಲ್ಲಿ ಸೋಫಾ, ಟೀಪಾಯಿ, ಹೊಲಿಗೆ ಮೆಷಿನ್ನು, ಅದಕ್ಕೆ ತಿರುಗಲು ಜಾಗವೇ ಇಲ್ಲ. ಹೊಸ್ತಿಲು ಬಂದಾಗಲೆಲ್ಲ ಇಳಿದು ಎತ್ತಬೇಕು. ಕೆಳಗೆ ಕಾಂಪೌಂಡಿನಲ್ಲಿ ಪೇವರ್ ಬ್ಲಾಕು, ಚಿಕ್ಕ ಚಕ್ರ ಸಂದಿಗೆ ಸಿಕ್ಕಿ ಗಡಗಡ ಅಲ್ಲಾಡಿತು. ಆದರೆ ಠಾಣೆಯಲ್ಲಿರುವ ನನ್ನ ಭಾವನ ಮನೆಗೆ ಎರಡು ದಿನ ಹೋಗಿದ್ದೆ. ಹೊಸ ಟವರ್, ಲಿಫ್ಟು, ಉದ್ದನೆಯ ಕಾರಿಡಾರ್, ಒಂದೇ ಮಟ್ಟದ ನೆಲ. ಅಲ್ಲಿ ಅದೇ ಸ್ಕೂಟರ್ ಹಕ್ಕಿಯ ಹಾಗೆ ಹಾರಿತು, ಅಂಗೈ ನೋವೂ ಇಲ್ಲ, ಸುಸ್ತೂ ಇಲ್ಲ. ಅಂಥ ಮನೆ, ಅಂಥ ಆಫೀಸು ಇರುವವರು ಕಣ್ಣುಮುಚ್ಚಿ ಇದನ್ನೇ ತೆಗೆದುಕೊಳ್ಳಿ. ಒಂದೇ ಷರತ್ತು, ಆ ಕಾಲಿನ ಮಂಡಿ ಗಟ್ಟಿ ಇರಬೇಕು.

ಮಗನ ಓದುವ ಚಕ್ರದ ಕುರ್ಚಿಯಲ್ಲಿ ಕೂತು ಅಡುಗೆಮನೆಯಲ್ಲಿ ಓಡಾಡಲೂ ನೋಡಿದೆ. ಬೇಡ. ಕೂರಲು ಹೋದಾಗ ಅದು ಹಿಂದಕ್ಕೆ ಸರಿಯಿತು, ಕಟ್ಟೆ ಹಿಡಿದದ್ದಕ್ಕೆ ಉಳಿದೆ. ವೀಲ್‌ಚೇರ್ ಆಸ್ಪತ್ರೆಯ ಒಳಗೆ ಮಾತ್ರ ಉಪಯೋಗಕ್ಕೆ ಬಂತು.

ಸಾಮಾನು ಒಯ್ಯುವುದು ದೊಡ್ಡ ಸಮಸ್ಯೆ, ಅದನ್ನು ಯಾರೂ ಹೇಳುವುದಿಲ್ಲ. ಎರಡೂ ಕೈ ಕೋಲಿಗೆ ಹೋದರೆ ಒಂದು ಲೋಟ ಕಾಫಿಯನ್ನೂ ಒಯ್ಯಲಾಗುವುದಿಲ್ಲ, ಅಲ್ವಾ? ವಾಕರಿನ ಮುಂಭಾಗಕ್ಕೆ ಸೀರೆ ಅಂಗಡಿಯ ಬಟ್ಟೆ ಚೀಲ ಕಟ್ಟಿದೆ, ಕೋಲಿನ ದಿನಗಳಲ್ಲಿ ಹೆಗಲಿಗೆ ಅಡ್ಡ ಜೋಳಿಗೆ. ಕಾಫಿ ಮುಚ್ಚಳದ ಸ್ಟೀಲ್ ಫ್ಲಾಸ್ಕಿನಲ್ಲಿ, ಊಟ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಈ ವಿಷಯದಲ್ಲಿ ವಾಕರ್ ಗೆದ್ದಿತು, ಚೀಲ ಅಲ್ಲಾಡುವುದು ಕಡಿಮೆ.

ಈಗ ಮೆಟ್ಟಿಲು. ಎರಡು ಮಹಡಿಗೆ 38 ಮೆಟ್ಟಿಲು, ಡ್ರೆಸ್ಸಿಂಗಿಗೆ, ಹೊಲಿಗೆ ಬಿಚ್ಚಲು, ಎಕ್ಸ್‌ರೇಗೆ ಅಂತ ನಾಲ್ಕು ಸಲ ಇಳಿದು ಹತ್ತಿದೆ. ಮೂರು ರೀತಿ ಮಾಡಿದ್ದೇನೆ.

ಮೊದಲ ಸಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಮ್ಮವರೂ ವಾಚ್‌ಮನ್ನೂ ಹೊತ್ತು ಇಳಿಸಿದರು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು. ಆದರೆ ಕುರ್ಚಿಯ ಕಾಲು ಬಾಗುತ್ತಿತ್ತು, ತಿರುವಿನಲ್ಲಿ ಅದು ಓರೆಯಾದಾಗ ನನ್ನ ಪಾದ ಗೋಡೆಗೆ ತಾಗಲು ಒಂದು ಗೇಣು ಬಾಕಿ, ಹೊತ್ತವರ ಬೆನ್ನಿನ ಗತಿ ಬೇರೆ. ಮತ್ತೆ ಹಾಗೆ ಹೋಗಲಿಲ್ಲ.

ಎರಡನೇ ಸಲ ಕೂತುಕೊಂಡೇ ಇಳಿದೆ. ಮೆಟ್ಟಿಲ ಮೇಲೆ ಕೂತು, ನೋವಿನ ಕಾಲು ಮುಂದೆ ಚಾಚಿ ಎತ್ತಿ ಹಿಡಿದು, ಎರಡು ಕೈ ಒಂದು ಕಾಲಿನ ಬಲದಲ್ಲಿ ಒಂದೊಂದೇ ಮೆಟ್ಟಿಲು ಕೆಳಗೆ. ಹತ್ತುವಾಗ ಹಿಮ್ಮುಖವಾಗಿ ಕೂತು ಹಾಗೇ ಮೇಲಕ್ಕೆ. ಹಳೇ ಸಲ್ವಾರ್ ಹಾಕಿಕೊಳ್ಳಿ, ಮೆಟ್ಟಿಲು ಒರೆಸಿಸಿ. ಕಾಕೂ ಪ್ರತಿ ಮೆಟ್ಟಿಲಿಗೂ "ಹಳೂ ಹಳೂ" (ಮೆಲ್ಲ ಮೆಲ್ಲ) ಅನ್ನುತ್ತಾ ಹಿಂದೆಯೇ ಕೋಲು ಹಿಡಿದು ಬಂದರು. ಮೊದಲು ನಾಚಿಕೆ ಆಯಿತು, ಎದುರು ಬಂದವರೆಲ್ಲ ನಿಂತು ದಾರಿ ಬಿಡುತ್ತಿದ್ದರು. ಆದರೆ ಬೀಳುವ ಭಯವೇ ಇಲ್ಲದ ರೀತಿ ಇದೊಂದೇ. ಮೊದಲ ಒಂದು ತಿಂಗಳಿಗೆ ನನ್ನ ಮತ ಇದಕ್ಕೇ.

ಕೋಲಿನಲ್ಲಿ ಇಳಿದದ್ದು ಕೊನೆಯ ಸಲ, ಐದನೇ ವಾರದಲ್ಲಿ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕೋಲು. ಹತ್ತುವಾಗ ಮೊದಲು ಒಳ್ಳೆಯ ಕಾಲು, ಆಮೇಲೆ ಕೋಲು. ಇಳಿಯುವಾಗ ಮೊದಲು ಕೋಲು, ನೋವಿನ ಕಾಲು ಗಾಳಿಯಲ್ಲಿ ಅದರ ಜೊತೆ, ಆಮೇಲೆ ಒಳ್ಳೆಯ ಕಾಲು. ಫಿಸಿಯೋ ಎದುರಿಗೆ ಕಲಿಯದೆ ಇದನ್ನು ಮಾಡಬೇಡಿ, ದಯವಿಟ್ಟು. ಒಬ್ಬರು ನಿಮಗಿಂತ ಒಂದು ಮೆಟ್ಟಿಲು ಕೆಳಗೆ ಇರಲಿ.

ಮಲಗುವ ವಿಷಯ. ಪಾದ ಎದೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಊತ ಇಳಿಯುವುದಿಲ್ಲ, ಊತ ಇಳಿಯದಿದ್ದರೆ ನೋವೂ ಇಳಿಯುವುದಿಲ್ಲ. ಮೂರು ದಿಂಬು ಪೇರಿಸಿದೆ, ಅರ್ಧ ರಾತ್ರಿಗೆ ಒಂದೊಂದೂ ಒಂದೊಂದು ದಿಕ್ಕಿಗೆ. ಇಳಿಜಾರು ಫೋಮ್ ದಿಂಬು ಚೆನ್ನಾಗಿತ್ತು, ಆದರೆ ಸೆಕೆಗೆ ಮೀನಖಂಡ ಬೆವರಿ ತುರಿಕೆ. ಕೊನೆಗೆ ಅಮ್ಮ ಮತ್ಸ್ಯಗಂಧ ರೈಲು ಹತ್ತಿ ಕುಂದಾಪುರದಿಂದ ಬಂದಳು, ಬಂದವಳೇ ಎರಡು ಕಂಬಳಿ ಮಡಚಿ ಹಾಸಿಗೆಯ ಅಡಿಗೆ ಕಾಲಿನ ಕಡೆ ತುರುಕಿದಳು, ಮೇಲೆ ಒಂದೇ ದಿಂಬು. ಹಾಸಿಗೆಯೇ ಎತ್ತರವಾಯಿತು, ಜಾರುವ ಮಾತೇ ಇಲ್ಲ. ಖರ್ಚೂ ಇಲ್ಲ. ಆ ರಾತ್ರಿ ಮೊದಲ ಸಲ ಐದು ಗಂಟೆ ನಿದ್ದೆ ಮಾಡಿದೆ.

ಮೊದಲ ರಾತ್ರಿಯ ಬಗ್ಗೆ ಒಂದು ಮಾತು. ಕಾಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಮನೆಗೆ ಬಂದಾಗ ನೋವೇ ಇರುವುದಿಲ್ಲ, ಮಾತ್ರೆ ಯಾಕೆ ಅನ್ನಿಸುತ್ತದೆ. ಅದರ ಪ್ರಭಾವ ಇಳಿಯುವಾಗ ನೋವು ಒಮ್ಮೆಲೇ ಬರುತ್ತದೆ. ಡಾಕ್ಟರ್ ಬರೆದ ಹೊತ್ತಿಗೆ ಸರಿಯಾಗಿ, ನೋವು ಬರುವ ಮುಂಚೆಯೇ ತೆಗೆದುಕೊಳ್ಳಿ. ಮೀನಖಂಡ ಬಿಗಿದು ನೋಯುತ್ತಿದ್ದರೆ, ಊದಿದರೆ, ಅಥವಾ ಉಸಿರು ಕಟ್ಟಿದ ಹಾಗಾದರೆ ಸುಮ್ನೆ ಮಲಗಿರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಐಸಿಗೆ ಜೆಲ್ ಪ್ಯಾಕಿಗಿಂತ ಫ್ರಿಜ್ಜಿನ ಬಟಾಣಿ ಪ್ಯಾಕೆಟ್ ಮೇಲು, ಕಾಲಿನ ಆಕಾರಕ್ಕೆ ಕೂರುತ್ತದೆ. ಪಟ್ಟಿ ದಪ್ಪ ಇದ್ದರೆ ಪಾದಕ್ಕೆ ತಂಪು ಮುಟ್ಟುವುದೇ ಇಲ್ಲ, ಆಗ ಮಂಡಿಯ ಹಿಂದೆ ಇಡಲು ಹೇಳಿದ್ದರು. ನಡುವೆ ಬಟ್ಟೆ ಇರಲಿ, 20 ನಿಮಿಷ ಸಾಕು.

ಸ್ನಾನಕ್ಕೆ ಕಸದ ಚೀಲ ಕಟ್ಟಿ ಟೇಪ್ ಸುತ್ತಿದೆ, ಮೇಲಿನಿಂದ ನೀರು ಇಳಿಯಿತು. ಬಾಯಿಗೆ ರಬ್ಬರ್ ಇರುವ ಪ್ಲಾಸ್ಟರ್ ಕವರ್ ತರಿಸಿದೆ, ಅದು ಸರಿ. ಆದರೂ ಶವರ್ ಬೇಡ. ನಮ್ಮ ಬಕೆಟ್ಟು ತಂಬಿಗೆ ಸ್ನಾನವೇ ಇಲ್ಲಿ ಗೆಲ್ಲುತ್ತದೆ: ಸ್ಟೂಲ್ ಮೇಲೆ ಕೂತು, ನೋವಿನ ಕಾಲನ್ನು ಬಾಗಿಲಾಚೆ ಇನ್ನೊಂದು ಸ್ಟೂಲ್ ಮೇಲಿಟ್ಟು, ನೀರು ಎಲ್ಲಿ ಬೀಳಬೇಕೋ ಅಲ್ಲೇ ಹಾಕಿಕೊಳ್ಳಬಹುದು.

ಏಳನೇ ವಾರಕ್ಕೆ ಪಾದ ಅಲ್ಲಾಡದಂತೆ ಹಿಡಿಯುವ ದೊಡ್ಡ ಬೂಟು ಕೊಟ್ಟು, ಸ್ವಲ್ಪ ಸ್ವಲ್ಪ ಭಾರ ಹಾಕಿ ಅಂದರು. ಈಗ ಒಂದೇ ಮೊಣಕೈ ಕೋಲು, ಅದೂ ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ. ಬೂಟಿನ ಅಡಿ ದಪ್ಪ, ಇನ್ನೊಂದು ಕಾಲಿಗೆ ಮನೆಯ ಚಪ್ಪಲಿ ಹಾಕಿದರೆ ಸೊಂಟ ಒಂದು ಕಡೆ ವಾಲಿ ಎರಡೇ ದಿನಕ್ಕೆ ಬೆನ್ನು ಹಿಡಿಯಿತು. ಮಗಳ ದಪ್ಪ ಅಟ್ಟೆಯ ಶೂ ಹಾಕಿಕೊಂಡೆ, ಎರಡು ಕಾಲೂ ಸಮ ಆಯಿತು. ವಾಕರ್ ಈಗ ನಾಲ್ಕನೇ ಮಹಡಿಯ ಅಜ್ಜಿಯ ಮನೆಯಲ್ಲಿದೆ, ಅವರ ಬಾತ್‌ರೂಮಿನ ಬಾಗಿಲೂ 22 ಇಂಚೇ, ಅಡ್ಡ ಹೋಗುವುದನ್ನು ನಾನೇ ಹೇಳಿಕೊಟ್ಟು ಬಂದೆ.