ಜರ್ಮನ್ ಕಲಿಯೋಕೆ ಕಾಲೇಜೋ, ಮ್ಯಾಕ್ಸ್ ಮುಲ್ಲರ್ ಭವನವೋ, ಮೊಬೈಲೋ?

ಡಿಗ್ರಿಗೆ ಸೇರುವಾಗ ಭಾಷೆಯ ಕಾಲಂನಲ್ಲಿ ಜರ್ಮನ್ ಅಂತ ಬರೆಯುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಕೆಲವರಿಗೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅನ್ನುವ ಆಸೆ. ಕೆಲವರಿಗೆ ಮುಂದೆ ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಹೋಗುವ ಲೆಕ್ಕಾಚಾರ. ಭಾಷೆ ಇಷ್ಟ ಅಂತಲೇ ಬರುವವರೂ ಒಬ್ಬಿಬ್ಬರು ಇರುತ್ತಾರೆ. ಎಲ್ಲರೂ ನನ್ನನ್ನು ಕೇಳುವುದು ಒಂದೇ: ಕಾಲೇಜಿನ ಕ್ಲಾಸು ಸಾಕಾ, ದುಡ್ಡು ಕೊಟ್ಟು ಮ್ಯಾಕ್ಸ್ ಮುಲ್ಲರ್ ಭವನಕ್ಕೆ (ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟಿಗೆ) ಸೇರಬೇಕಾ, ಇಲ್ಲ ಮೊಬೈಲಿನಲ್ಲೇ ಕಲಿತರೆ ಆಗುತ್ತಾ?

ಮೂರನ್ನೂ ಮಾಡಿ ನೋಡಿದವಳು ನಾನು. ಮಾತಾಡೋಕೆ ಬರಬೇಕು ಅಂದರೆ ಭವನಕ್ಕೆ ಹೋಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದೇಶ, ಅಲ್ಲಿನ ಜನ, ಅವರ ಕಥೆ ಒಂಚೂರು ಅರ್ಥವಾಗಿದ್ದು ಎಲ್ಲರೂ ಆಡಿಕೊಳ್ಳುವ ಆ ಕಾಲೇಜು ಕ್ಲಾಸಿನಲ್ಲೇ.

ಕಾಲೇಜಿನ ಮೊದಲ ವರ್ಷ ನಿಜಕ್ಕೂ ಬೇಸರದ್ದು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಬೋರ್ಡಿನ ಮೇಲೆ ಡೇರ್, ಡೀ, ಡಾಸ್ ಅನ್ನುವ ಆರ್ಟಿಕಲ್‌ಗಳ (ಇಂಗ್ಲಿಷಿನ ‘ದಿ’ ಥರದವು) ಪಟ್ಟಿ, ನಾವು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುವುದು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ, ಇಂಗ್ಲಿಷಿಗೆ ಅನುವಾದಿಸಿ, ಗೆಳೆಯನಿಗೆ ಪತ್ರ ಬರೆಯಿರಿ. ಪತ್ರ ಒಂದನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಸಾಕು, ಹೆಸರು ಮತ್ತು ಊರು ಬದಲಾಯಿಸಿ ಬರೆದುಬಿಡಬಹುದು. ನಮ್ಮ ಬ್ಯಾಚಿನಲ್ಲಿ ತೊಂಬತ್ತರ ಮೇಲೆ ತೆಗೆದವರಿಗೂ ಜರ್ಮನ್‌ನಲ್ಲಿ ಒಂದು ಕಾಫಿ ಆರ್ಡರ್ ಮಾಡೋಕೆ ಬರುತ್ತಿರಲಿಲ್ಲ.

ಎರಡನೇ ವರ್ಷ ಬೇರೆ ಮೇಡಂ ಬಂದರು. ಅವರು ಸಿಲಬಸ್ ಬೇಗ ಮುಗಿಸಿ ಸಣ್ಣ ಕಥೆ ಓದಿಸೋಕೆ ಶುರುಮಾಡಿದರು. ವೋಲ್ಫ್‌ಗಾಂಗ್ ಬೋರ್ಷರ್ಟ್ 1946ರಲ್ಲಿ ಬರೆದ ‘ಡಾಸ್ ಬ್ರೋಟ್’, ಅಂದರೆ ಬ್ರೆಡ್ಡು. ಯುದ್ಧ ಮುಗಿದು ಊಟಕ್ಕೆ ರೇಷನ್ ಇದ್ದ ಕಾಲ. ರಾತ್ರಿ ಎರಡೂವರೆಗೆ ಹೆಂಡತಿಗೆ ಎಚ್ಚರವಾಗುತ್ತದೆ. ಅಡುಗೆಮನೆಗೆ ಬಂದರೆ ಗಂಡ ನಿಂತಿದ್ದಾನೆ, ಮೇಜಿನ ಮೇಲೆ ಬ್ರೆಡ್ಡಿನ ತಟ್ಟೆ, ಮೇಜಿಗೆ ಹಾಸಿದ ಬಟ್ಟೆಯ ಮೇಲೆ ಬ್ರೆಡ್ಡಿನ ಚೂರು. ಏನೋ ಸದ್ದು ಕೇಳಿಸಿತು ಅಂತ ಎದ್ದುಬಂದೆ ಅನ್ನುತ್ತಾನೆ. ಸುಳ್ಳು ಅಂತ ಅವಳಿಗೆ ಗೊತ್ತು, ಆದರೂ ಕೇಳುವುದಿಲ್ಲ. ಮರುದಿನ ರಾತ್ರಿ ತನ್ನ ಪಾಲಿನದರಲ್ಲೂ ಒಂದು ತುಂಡನ್ನು ಅವನ ಕಡೆ ಸರಿಸುತ್ತಾಳೆ. ಎರಡೇ ಪುಟದ ಕಥೆ. ವಾಕ್ಯಗಳು ಎಷ್ಟು ಚಿಕ್ಕವು ಅಂದರೆ ಎ2 (ಭಾಷೆ ಕಲಿಯುವ ಎ1ರಿಂದ ಸಿ2ವರೆಗಿನ ಆರು ಲೆವೆಲ್ಲುಗಳಲ್ಲಿ ಎರಡನೆಯದು) ಮುಗಿಸಿದವರು ಡಿಕ್ಷನರಿ ಇಟ್ಟುಕೊಂಡು ಓದಬಹುದು. ಸೋತ ದೇಶದ ಹಸಿವು ಹೇಗಿತ್ತು ಅಂತ ನನಗೆ ಗೊತ್ತಾಗಿದ್ದು ಈ ಕಥೆಯಿಂದ, ಇತಿಹಾಸದ ಪಾಠದಿಂದಲ್ಲ.

ಆ ಮೇಡಂ ಅವರೇ ಕಿಟೆಲ್, ಮೋಗ್ಲಿಂಗ್ ಅಂಥವರನ್ನು ಇಲ್ಲಿಗೆ ಕಳಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಗ್ಗೆ ಒಂದು ಪ್ರಾಜೆಕ್ಟ್ ಕೊಟ್ಟರು. ಎಂ.ಜಿ. ರೋಡಿನಲ್ಲಿ ಕಿಟೆಲ್ ಪ್ರತಿಮೆ ನೋಡಿರುತ್ತೇವೆ, 1894ರ ಅವರ ನಿಘಂಟು ಗೊತ್ತಿರುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದ ಮೋಗ್ಲಿಂಗ್ ಕೂಡ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಿಷನ್ನಿಗೆ ಜರ್ಮನಿಯ ವುರ್ಟೆಂಬರ್ಗಿನಿಂದ ಅಷ್ಟೊಂದು ಜನ ಯಾಕೆ ಸೇರಿದರು? ಅಲ್ಲಿನ ಪಯಟಿಸಂ ಅನ್ನುವ ಭಕ್ತಿ ಪಂಥ ಏನು ಹೇಳುತ್ತಿತ್ತು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಮಿಷನ್ ಕಾರ್ಖಾನೆಯ ಮಂಗಳೂರು ಹೆಂಚಿನಿಂದ ವುರ್ಟೆಂಬರ್ಗಿನ ಟ್ಯೂಬಿಂಗನ್ ವಿಶ್ವವಿದ್ಯಾಲಯದವರೆಗೂ ಹೋಗಬಹುದು. ಇಂಥ ಪ್ರಶ್ನೆ ಭಾಷಾ ಕೋರ್ಸಿನಲ್ಲಿ ಯಾರೂ ಕೇಳುವುದಿಲ್ಲ, ಅಲ್ವಾ? ಆದರೆ ಇದೆಲ್ಲ ಮೇಡಂ ಕೃಪೆ. ಪಕ್ಕದ ಸೆಕ್ಷನ್ನಿನವರಿಗೆ ಅದೇ ಸಿಲಬಸ್, ಅದೇ ಪತ್ರ.

ಇನ್ನು ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್. ನಮ್ಮ ದೇಶಕ್ಕೆ ಒಮ್ಮೆಯೂ ಬಾರದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಹೆಸರಿನಲ್ಲೇ ಇಲ್ಲಿ ಅದನ್ನು ಕರೆಯುತ್ತಾರೆ. ಅಲ್ಲಿ ಮೊದಲ ದಿನದಿಂದಲೇ ಕ್ಲಾಸು ಜರ್ಮನ್‌ನಲ್ಲಿ. ಕೈಸನ್ನೆ, ಚಿತ್ರ, ಅಭಿನಯ ಎಲ್ಲ ನಡೆಯುತ್ತದೆ, ಇಂಗ್ಲಿಷ್ ಮಾತ್ರ ಆದಷ್ಟು ಹೊರಗೆ. ಮೊದಮೊದಲು ತಲೆ ಬಿಸಿಯಾಗುತ್ತದೆ. ಆದರೆ ಉಚ್ಚಾರಣೆ ಕಲಿಸುವ ರೀತಿಗೆ ಕೈ ಮುಗಿಯಬೇಕು. ಜರ್ಮನ್‌ನಲ್ಲಿ ಯು ಅಕ್ಷರದ ಮೇಲೆ ಎರಡು ಚುಕ್ಕಿ ಇಟ್ಟಾಗ ಬರುವ ಸ್ವರ ನಮ್ಮಲ್ಲಿ ಇಲ್ಲ. ಕಾಲೇಜಿನಲ್ಲಿ ಅದನ್ನು ‘ಯು’ ಅಂತ ಹೇಳಿ ಮುಗಿಸಿದ್ದರು. ಇಲ್ಲಿ ಟೀಚರ್ ಎಲ್ಲರಿಗೂ ‘ಈ’ ಅನ್ನಿ ಅಂದರು. ‘ಈ’ ಎಳೆಯುತ್ತಲೇ ಇರಿ, ನಾಲಿಗೆ ಕದಲಿಸಬೇಡಿ, ತುಟಿ ಮಾತ್ರ ‘ಊ’ ಅನ್ನುವ ಹಾಗೆ ಗುಂಡಗೆ ಮಾಡಿ. ಅಷ್ಟೇ, ಸ್ವರ ತಾನಾಗಿ ಬಂತು.

ಫೀಸು ಮಾತ್ರ ಭಾರಿ. ಒಂದೊಂದು ಲೆವೆಲ್ಲಿಗೂ ಹತ್ತಾರು ಸಾವಿರ ಹೋಗುತ್ತದೆ, ಪರೀಕ್ಷೆಯ ಫೀಸು ಬೇರೆ. ಪೂರ್ತಿ ದುಡ್ಡಿಗೆ ತಕ್ಕ ಬೆಲೆ ಸಿಗಬೇಕಾದರೆ ಅಲ್ಲಿನ ಲೈಬ್ರರಿ, ಸಿನಿಮಾ ಪ್ರದರ್ಶನ ಎಲ್ಲ ಬಳಸಿಕೊಳ್ಳಬೇಕು. ಬಹಳ ಜನ ಕ್ಲಾಸು ಮುಗಿದ ತಕ್ಷಣ ಮೆಟ್ರೊ ಕಡೆಗೆ ಓಡುತ್ತಾರೆ. ಸಂಸ್ಕೃತಿ ಅನ್ನುವುದು ಅಲ್ಲಿನ ಪಾಠಪುಸ್ತಕದಲ್ಲೂ ಇದೆ, ಆದರೆ ಕಸ ಬೇರ್ಪಡಿಸುವುದು, ಬಾಡಿಗೆ ಮನೆ ಹುಡುಕುವುದು, ಹೇಳಿದ ಟೈಮಿಗೆ ಹೋಗುವುದು ಇಂಥವು. ಹೋಗಿ ಬದುಕೋಕೆ ಬೇಕಾದ್ದು. ನನಗೆ ಅದರಿಂದ ಹೊಟ್ಟೆ ತುಂಬಲಿಲ್ಲ.

ಪರೀಕ್ಷೆಯಲ್ಲಿ ಎರಡಕ್ಕೂ ಅಜಗಜಾಂತರ. ಗೋಥೆ ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಒಂದೊಂದಕ್ಕೂ 100 ಅಂಕ, ಪಾಸಾಗೋಕೆ 60. ಒಂದರಲ್ಲಿ ಹೋದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ಮಾತಿನ ಭಾಗದಲ್ಲಿ ಇನ್ನೊಬ್ಬ ಅಭ್ಯರ್ಥಿಯ ಜೊತೆ ಕೂತು ಏನಾದರೂ ಪ್ಲಾನ್ ಮಾಡಬೇಕು, ಆಮೇಲೆ ಒಂದು ವಿಷಯ ಮಂಡಿಸಬೇಕು, ಪ್ರಶ್ನೆಗೆ ಉತ್ತರ ಕೊಡಬೇಕು. ಎದುರಿನವರು ಏನು ಹೇಳುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಬಾಯಿಪಾಠದ ಪತ್ರ ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಇನ್ನು ಮೊಬೈಲು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ಪಾಠಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಟ್ಟಿಯಾಗಿ ಸಿಗುತ್ತದೆ, ಚೆನ್ನಾಗಿದೆ. ‘ನೀಕೋಸ್ ವೇಗ್’ ಅನ್ನುವ ವಿಡಿಯೊ ಕೋರ್ಸಿನಲ್ಲಿ ಸ್ಪೇನಿನಿಂದ ಬಂದ ಹುಡುಗ ಏರ್‌ಪೋರ್ಟಿನಲ್ಲೇ ಬ್ಯಾಗ್ ಕಳೆದುಕೊಂಡು ಒದ್ದಾಡುತ್ತಾನೆ, ಅವನ ಜೊತೆ ನಾವೂ ಬಿ1ವರೆಗೆ ಹೋಗುತ್ತೇವೆ. ನಿಧಾನವಾಗಿ ಓದುವ ಸುದ್ದಿಯೂ ಇದೆ. ಬಸ್ಸಿನಲ್ಲಿ ಕೇಳೋಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಆದರೆ ನೀವು ತಪ್ಪು ಹೇಳಿದರೆ ಹುಬ್ಬು ಏರಿಸುವವರು ಯಾರೂ ಇಲ್ಲ. ಇದೊಂದನ್ನೇ ನಂಬಿಕೊಂಡು ಬಿ1 ಮುಗಿಸಿದವರನ್ನು ನಾನಂತೂ ನೋಡಿಲ್ಲ.

ಮೂರಕ್ಕೂ ಸೇರಿ ಒಂದು ದೂರು ಇದೆ. ಯಾರೂ ಕನ್ನಡವನ್ನು ಬಳಸಿಕೊಳ್ಳುವುದಿಲ್ಲ. ಜರ್ಮನ್‌ಗೆ ಇರುವುದು ನಾಲ್ಕೇ ವಿಭಕ್ತಿ. ಹೈಸ್ಕೂಲಿನಲ್ಲಿ ‘ಉ, ಅನ್ನು, ಇಂದ, ಗೆ’ ಅಂತ ರಾಗವಾಗಿ ಹೇಳಿದವರಿಗೆ ಅದು ದೊಡ್ಡ ವಿಷಯವೇ ಅಲ್ಲ. ನಾವು ಪದದ ಬಾಲಕ್ಕೆ ಪ್ರತ್ಯಯ ಹಚ್ಚುತ್ತೇವೆ, ಅವರು ಮುಖ್ಯವಾಗಿ ಪದಕ್ಕೆ ಮೊದಲು ಬರುವ ಆರ್ಟಿಕಲ್ ಬದಲಾಯಿಸುತ್ತಾರೆ: ಡೇರ್ ಮಾನ್, ಡೆನ್ ಮಾನ್, ಡೇಮ್ ಮಾನ್, ಗಂಡಸು, ಗಂಡಸನ್ನು, ಗಂಡಸಿಗೆ. ಇಂಗ್ಲಿಷ್ ಮೂಲಕ ಇದನ್ನು ವಿವರಿಸೋಕೆ ವಾರಗಟ್ಟಲೆ ಒದ್ದಾಡಿದ್ದು ನೋಡಿ ನಗು ಬರುತ್ತಿತ್ತು. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ. ಅದನ್ನು ಸುಮ್ನೆ ಉರು ಹೊಡೆಯಬೇಕು.

ಈಗ ಯಾರು ಎಲ್ಲಿಗೆ ಹೋಗಬೇಕು? ಇಂಗ್ಲಿಷ್ ಮಾಧ್ಯಮದ ಎಂಎಸ್‌ಗೆ ಜರ್ಮನಿಗೆ ಹೊರಟವರು ಕಾಲೇಜಿನಲ್ಲಿ ನಿಮಗಿಷ್ಟವಾದ ಭಾಷೆ ತೆಗೆದುಕೊಳ್ಳಿ, ಕನ್ನಡವನ್ನೇ ತೆಗೆದುಕೊಳ್ಳಿ. ದುಡ್ಡನ್ನು ಭವನದ ಎ1, ಎ2ಗೆ ಹಾಕಿ. ಅಲ್ಲಿ ಅಂಗಡಿ, ಆಫೀಸು, ಬಾಡಿಗೆ ಮನೆಯವರ ಜೊತೆ ಮಾತಾಡೋಕೆ ಅಷ್ಟಾದರೂ ಬೇಕು. ಜರ್ಮನ್ ಭಾಷೆ, ಸಾಹಿತ್ಯವನ್ನೇ ಓದಬೇಕು ಅನ್ನುವವರ ದಾರಿ ಉದ್ದ. ಅಲ್ಲಿನ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಬೇಕಾದ ಜರ್ಮನ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಡಿಎಸ್‌ಎಚ್-2 ಅಥವಾ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ 4ನೇ ಮಟ್ಟ ಕೇಳುತ್ತವೆ. ಬರೀ ಕಾಲೇಜಿನ ಎರಡನೇ ಭಾಷೆಯಿಂದ ಅಲ್ಲಿಗೆ ಮುಟ್ಟೋಕೆ ಆಗಲ್ಲ. ದೆಹಲಿಯ ಜೆಎನ್‌ಯು ಅಥವಾ ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯದಲ್ಲಿ ಜರ್ಮನ್‌ನಲ್ಲೇ ಬಿಎ ಮಾಡುವ ಯೋಚನೆ ಇರಲಿ. ಬೆಂಗಳೂರು ಬಿಡೋಕೆ ಆಗದಿದ್ದರೆ ಕಾಲೇಜು, ಭವನ ಎರಡನ್ನೂ ಒಟ್ಟಿಗೆ ನಡೆಸಿ. ಕಾಲೇಜಿಗೆ ಸೇರುವ ಮುಂಚೆ ಸೀನಿಯರ್‌ಗಳನ್ನು ಒಂದು ಮಾತು ಕೇಳಿ: ಜರ್ಮನ್ ಮೇಡಂ ಕಥೆ ಓದಿಸುತ್ತಾರಾ, ಪತ್ರ ಬರೆಸುತ್ತಾರಾ?